ಒಲೆ ಹಚ್ಚದ ಬುಧವಾರ

ಮಿಲ್ಡ್ಯುರಾದಲ್ಲಿ ಜನವರಿ ಎಂದರೆ
ಬೆಳಿಗ್ಗೆ ಏಳಕ್ಕೇ ಬಾಗಿಲ ಹಿಡಿ ಸುಡುತ್ತದೆ.
ನಲವತ್ನಾಲ್ಕು, ಎಂದಿತು ರೇಡಿಯೋ,
ಕ್ರಿಕೆಟ್ ಸ್ಕೋರು ಹೇಳಿದಷ್ಟೇ ಸಲೀಸಾಗಿ.
ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಾನೊಬ್ಬಳೇ.
ಮೂವತ್ತೊಂದು ಊಟ, ಅದರಲ್ಲಿ ಒಂಬತ್ತು ನುಣ್ಣಗೆ ಅರೆದದ್ದು.
ಎಂಟನೇ ಕೋಣೆಯ ತಟ್ಟೆ ಮಾತ್ರ
ಮೂರು ದಿನದಿಂದ ಹೋದ ಹಾಗೇ ಬರುತ್ತಿದೆ.

ಹಿತ್ತಿಲ ಬಾಗಿಲಲ್ಲಿ ಲಿಂಡ್ಸೆ, ನಮ್ಮ ತೋಟದವನು,
ಬಕೆಟ್ಟು ಕುಕ್ಕಿದ:
"ಇವು ಯಾರಿಗೂ ಬೇಡ. ತಿಪ್ಪೆಗೆ ಹಾಕಲೇ?"
ಇಣುಕಿದೆ.
ನೆತ್ತಿಯಿಂದ ನಡುವಿನವರೆಗೆ ಬಿರಿದ ಟೊಮೆಟೊ,
ಕುಡುಗೋಲಿನಂತೆ ಬಾಗಿದ ಸೌತೆ,
ಒಂದು ಕೆನ್ನೆ ಬಿಸಿಲಿಗೆ ಬೆಂದು ಬೆಳ್ಳಗಾದ ದೊಣ್ಣೆಮೆಣಸು,
ಚಕ್ಕಳಮಕ್ಕಳ ಹಾಕಿ ಕೂತ ಒಂದು ಗಜ್ಜರಿ,
ಅವಸರಪಟ್ಟು ಹೂ ಬಿಟ್ಟ ನನ್ನ ಕೊತ್ತಂಬರಿ.

ಇತ್ತ ಕೊಡು, ಸೂಪು ಮಾಡುತ್ತೇನೆ ಎಂದೆ.
ಈ ಉರಿಯಲ್ಲಿ ಸೂಪೇ? ನಕ್ಕ.
ನಕ್ಕರೆ ಅವನ ಮೂಗಿನ ಮೇಲಿನ ಬಿಳಿ ಕ್ರೀಮು ಬಿರಿಯುತ್ತದೆ.

ನಗಲಿ.
ಸಿರುಗುಪ್ಪದವಳಿಗೆ ಉರಿಯ ಪಾಠ ಹೇಳಬೇಕೆ?
ಮೇ ತಿಂಗಳಲ್ಲಿ ನಮ್ಮವ್ವ
ಮಧ್ಯಾಹ್ನ ಒಲೆಯ ಮೋರೆ ನೋಡುತ್ತಿರಲಿಲ್ಲ.
ರಾತ್ರಿಯ ಅಂಬಲಿ, ಹುಳಿಮಜ್ಜಿಗೆ, ಜಜ್ಜಿದ ಉಳ್ಳಾಗಡ್ಡಿ.
ಮೂಲೆಯಲ್ಲಿ ಗಡಿಗೆ ಕೂತು
ನಮ್ಮ ಪಾಲಿನದನ್ನೂ ತಾನೇ ಬೆವರುತ್ತಿತ್ತು.
ಅದಕ್ಕೆ ಸೂಪೆಂದು ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೆ.

ಚಾಕು ಹಿಡಿದೆ.
ಬಿರಿದ ಅಂಚು ಕೊರೆದೆ. ಹುಳು ಹೊಕ್ಕ ದಾರಿಯಲ್ಲೇ ಹೋಗಿ
ಹುಳುವನ್ನೇ ಕಂಡೆ, ಕಿಟಕಿಯಾಚೆ ಬಿಟ್ಟೆ,
ಮುಂದಿನದು ಮ್ಯಾಗ್‌ಪೈ ಹಕ್ಕಿಗೆ ಬಿಟ್ಟದ್ದು.
ಎಲ್ಲವೂ ಉಳಿಯಲಿಲ್ಲ, ಸುಳ್ಳೇಕೆ?
ಮೂರು ಟೊಮೆಟೊ ಒಳಗೇ ಕೊಳೆತು ಹೆಂಡದ ವಾಸನೆ.
ಮುದುಕರ ಹೊಟ್ಟೆ ಕೆಡಿಸಿ
ಪುಣ್ಯ ಕಟ್ಟಿಕೊಳ್ಳಲಾರೆ.
ಅವು ತಿಪ್ಪೆಗೇ ಹೋದವು.

ಎಂಟನೇ ಕೋಣೆಯ ಏಸಿ ಕೆಟ್ಟಿತ್ತು.
ಅಸ್ಸುಂಟಾಳ ಗಾಲಿಕುರ್ಚಿಯನ್ನು ತಂದು
ಬಡಿಸುವ ಕಿಂಡಿಯ ತಂಪಿಗೆ ನಿಲ್ಲಿಸಿದ್ದರು.
ತೊಂಬತ್ತೊಂದು. ಕಲಿತ ಇಂಗ್ಲಿಷು ಕಳಚಿ ಬಿದ್ದು
ಹುಟ್ಟೂರಿನ ಇಟಾಲಿಯನ್ ಮಾತ್ರ ಉಳಿದಿದೆ,
ಅದೂ ಈಚೆಗೆ ಬಾಯಿ ಬಿಟ್ಟು ಬರುವುದಿಲ್ಲ.

ಸೌತೆಯ ತುದಿ ಕತ್ತರಿಸಿ
ಆ ತುಣುಕಿನಿಂದಲೇ ಕೊಯ್ದ ಮೈ ತಿಕ್ಕಿದೆ, ಕಹಿ ಹೋಗಲೆಂದು.
ಬೆಳ್ಳನೆ ನೊರೆ.
ಕಿಂಡಿಯೊಳಗಿಂದ ಒಂದು ಕೈ ಬಂತು.
ಮೊದಲು ನೀರು ಬೇಕೇನೋ ಅಂದುಕೊಂಡೆ.
ಸೌತೆ ಕಿತ್ತುಕೊಂಡು, ತುದಿ ಒತ್ತಿ,
ನನಗಿಂತ ಚೆನ್ನಾಗಿ, ಅವಸರವಿಲ್ಲದೆ, ತಿಕ್ಕತೊಡಗಿದಳು.
ನೊರೆ ಬೆರಳಿಗೆ ಇಳಿಯಿತು.
ಯಾರು ಕಲಿಸಿದ್ದೆಂದು ನಾನು ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಉಳಿದದ್ದು ಮಿಕ್ಸರಿನ ಕೆಲಸ.
ಯಾವುದು ಗೂನು, ಯಾವುದು ಸೊಟ್ಟ, ಅದಕ್ಕೇನು ಗೊತ್ತು.
ನಿನ್ನೆಯ ಬ್ರೆಡ್ಡಿನ ಅಂಚು ನೆನೆಸಿ ಹಾಕಿದೆ,
ತಂಗಳಿಗೂ ಒಂದು ಕಾಲ ಬರುತ್ತದೆ.
ನಿಂಬೆ, ಎಣ್ಣೆ, ಒಂದು ಸೌಟು ಮೊಸರು,
ಅರ್ಧ ಎಸಳು ಬೆಳ್ಳುಳ್ಳಿ.
ಜೀರಿಗೆ ಹುರಿಯಲಿಲ್ಲ, ತಟ್ಟೆಯಲ್ಲಿ ಕಿಟಕಿಗಿಟ್ಟೆ:
ಹತ್ತೇ ನಿಮಿಷ, ಬಿಸಿಲು ಘಮ್ಮೆಂದಿತು.
ಎರಡು ಸಲ ಸೋಸಿದೆ.
ಸಿಪ್ಪೆಯ ಚೂರೊಂದು ಗಂಟಲಿಗೆ ಸಿಕ್ಕರೆ ನರ್ಸು ಓಡಿ ಬರಬೇಕು.

ಫ್ರಿಜ್ಜಿನಿಂದ ತೆಗೆದಾಗ ಥರ್ಮಾಮೀಟರ್ ಅದ್ದಿ
ದಪ್ಪ ಪುಸ್ತಕದಲ್ಲಿ ಬರೆದೆ: ನಾಲ್ಕು ಡಿಗ್ರಿ. ಸಹಿ, ನೀಲಾಂಬಿಕೆ.
ಹೊರಗೆ ಅದೇ ನಾಲ್ಕರ ಹಿಂದೆ ನಲವತ್ತು.

ಮೊದಲ ಚಮಚ ಒಳಗೆ ಹೋಯಿತು.
ತುಟಿ ಮುಚ್ಚಿಕೊಂಡೇ ಇತ್ತು ಬಹಳ ಹೊತ್ತು.
ಆಮೇಲೆ ಮೂರು ದಿನದಲ್ಲಿ ಮೊದಲ ಮಾತು:
"ಸಾಲೆ."

ಸಾಲದು, ಎಂದು ಕೇಳಿಸಿತು ನನಗೆ.
ಅವರ ಭಾಷೆಯಲ್ಲಿ ಉಪ್ಪು ಎಂದಂತೆ, ನರ್ಸು ಹೇಳಿದಳು.
ಇಬ್ಬರೂ ಸರಿಯಾಗೇ ಕೇಳಿಸಿಕೊಂಡಿದ್ದೆವು.

ಗೋಡೆಯ ಚೀಟಿಯಲ್ಲಿದೆ: ಎಂಟನೇ ಕೋಣೆ, ಉಪ್ಪು ಕಡಿಮೆ.
ನರ್ಸು ಕಿಟಕಿಯ ಕಡೆ ತಿರುಗಿ
ಲಿಂಡ್ಸೆ ಏನು ಮಾಡುತ್ತಿದ್ದಾನೋ ಎಂದು
ಬೇಕೆಂದೇ ತುಂಬ ಹೊತ್ತು ನೋಡಿದಳು.